ಚಿಕಿತ್ಸಾ ನಿರ್ಣಯಕ್ಕೆ ನೆರವಾಗುವ ತಂತ್ರಾಂಶಗಳ ರಚನಾ ವಿನ್ಯಾಸ: ಗ್ರಾಮೀಣ ಕರ್ನಾಟಕದ ನೆಲೆಯಿಂದ

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ದುಂಡಸಿ ಒಂದು ಹೋಬಳಿ ಕೇಂದ್ರ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಸೀಮೆಯೆಲ್ಲ ಧಾರವಾಡ ಜಿಲ್ಲೆಯಲ್ಲಿತ್ತು. ಇಲ್ಲಿಯವರಿಗೆ ತಾಲ್ಲೂಕು ಆಸ್ಪತ್ರೆ ಶಿಗ್ಗಾಂವಿಯಲ್ಲಿದೆ. ಅದನ್ನು ಮೀರಿದ ಚಿಕಿತ್ಸೆ ಬೇಕಾದರೆ ಹಾವೇರಿಗೋ ಹುಬ್ಬಳ್ಳಿಗೋ ಹೋಗಬೇಕು. ಇಂಥ ಊರೊಂದರ ಉಪಕೇಂದ್ರಕ್ಕೆ ಎಂಟನೆಯ ತಿಂಗಳ ಗರ್ಭಿಣಿಯೊಬ್ಬಳು ತಲೆನೋವೆಂದು ಬರುತ್ತಾಳೆ ಎಂದು ಊಹಿಸಬಹುದು. ಆರೋಗ್ಯ ಸಹಾಯಕಿ (ಈಗಿನ ಹೆಸರಿನಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ) ರಕ್ತದೊತ್ತಡ ನೋಡಿದಾಗ ಅದು 150/100 ಇದೆ. ಆಗ ಆಕೆಯ ಮುಂದೆ ಮೂರು ದಾರಿಗಳಿರುತ್ತವೆ. ಮನೆಗೆ ಕಳುಹಿಸಿ ಎರಡು ದಿನ ಬಿಟ್ಟು ಮತ್ತೆ ನೋಡುವುದು ಒಂದು. ನಾಳೆ ತಾಲ್ಲೂಕು ಆಸ್ಪತ್ರೆಗೆ ಹೋಗಲು ಹೇಳುವುದು ಇನ್ನೊಂದು. ಈಗಲೇ 108ಕ್ಕೆ ಕರೆಮಾಡುವುದು ಮತ್ತೊಂದು. ಉಪಕೇಂದ್ರದಲ್ಲಿ ವೈದ್ಯರಿಲ್ಲ. ತಡವಾದರೆ ಸೆಳವು ಬಂದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಕುತ್ತು. ಅನಗತ್ಯವಾಗಿ ಕಳುಹಿಸಿದರೆ ಆ ಕುಟುಂಬದ ಒಂದು ದಿನದ ಕೂಲಿ ಹೋಗುವುದಲ್ಲದೆ ಮುಂದಿನ ಸಲ ಸಹಾಯಕಿಯ ಮಾತಿಗೆ ಬೆಲೆ ಕಡಿಮೆಯಾಗುತ್ತದೆ.

ಈ ಬಗೆಯ ಗಳಿಗೆಯಲ್ಲಿ ರೋಗಿಯ ವಿವರಗಳನ್ನು ಸ್ವೀಕರಿಸಿ, ವೈದ್ಯಕೀಯ ಜ್ಞಾನದೊಡನೆ ಹೋಲಿಸಿ, ಮಾಡಬೇಕಾದ ಕಾರ್ಯವನ್ನು ಸೂಚಿಸುವ ತಂತ್ರಾಂಶವನ್ನು ಚಿಕಿತ್ಸಾ ನಿರ್ಣಯ ನೆರವು ವ್ಯವಸ್ಥೆ ಎಂದು ಕರೆಯಬಹುದು. ಇದರ ವೈದ್ಯಕೀಯ ಭಾಗದ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಅದರ ರಚನಾ ವಿನ್ಯಾಸ, ಅಂದರೆ ಜ್ಞಾನವನ್ನು ಎಲ್ಲಿ ಇಡಬೇಕು, ತರ್ಕವನ್ನು ಯಾವ ಯಂತ್ರದಲ್ಲಿ ನಡೆಸಬೇಕು, ಉತ್ತರವನ್ನು ಯಾರ ಕೈಗೆ ಮುಟ್ಟಿಸಬೇಕು ಎಂಬ ವಿಚಾರ ಗಣಕತಜ್ಞರ ವಲಯದ ಹೊರಗೆ ಅಷ್ಟಾಗಿ ಬಂದಿಲ್ಲ. ಆದರೆ ಆರೋಗ್ಯ ಸಹಾಯಕಿಗೆ ಸಲಹೆ ಸಕಾಲದಲ್ಲಿ ಸಿಗುವುದೂ ಸಿಗದಿರುವುದೂ ಬಹುಮಟ್ಟಿಗೆ ತೀರ್ಮಾನವಾಗುವುದು ಇಲ್ಲಿಯೇ.

ಜ್ಞಾನದ ನೆಲೆ

1959ರಲ್ಲಿ ಲೆಡ್ಲಿ ಮತ್ತು ಲಸ್ಟೆಡ್ ಎಂಬಿಬ್ಬರು ವೈದ್ಯಕೀಯ ನಿದಾನದ ತಾರ್ಕಿಕ ತಳಹದಿಯನ್ನು ಕುರಿತು 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಪ್ರಬಂಧದಿಂದ ಈ ಕ್ಷೇತ್ರದ ಚರಿತ್ರೆ ಆರಂಭವಾಗುತ್ತದೆ ಎನ್ನುವುದು ವಾಡಿಕೆ. ಆ ಬಳಿಕದ ಬೆಳವಣಿಗೆಯನ್ನು ಆಡಮ್ ರೈಟ್ ಮತ್ತು ಡೀನ್ ಸಿಟ್ಟಿಗ್ 2008ರಲ್ಲಿ ನಾಲ್ಕು ಘಟ್ಟಗಳಾಗಿ ವಿಂಗಡಿಸಿದರು: ಒಂಟಿಯಾಗಿ ನಿಲ್ಲುವ ವ್ಯವಸ್ಥೆಗಳು, ಆಸ್ಪತ್ರೆಯ ದಾಖಲೆಯೊಳಗೆ ಬೆರೆತ ವ್ಯವಸ್ಥೆಗಳು, ಸಮಾನ ಮಾನದಂಡವನ್ನು ಆಧರಿಸಿದವು, ಸೇವೆಯ ರೂಪದಲ್ಲಿ ದೂರದಿಂದ ಒದಗುವಂಥವು. ವಿಂಗಡಣೆ ಅಮೆರಿಕದ ಆಸ್ಪತ್ರೆಗಳನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ್ದು. ನಮ್ಮ ಉಪಕೇಂದ್ರಗಳಲ್ಲಿ ಈ ನಾಲ್ಕು ಘಟ್ಟಗಳು ಒಂದರ ನಂತರ ಒಂದಾಗಿ ಬರದೆ ಒಟ್ಟೊಟ್ಟಿಗೆ ಬಂದು ಕುಳಿತಿವೆ ಎನ್ನುವುದು ಗಮನಾರ್ಹ.

ಒಂಟಿ ವ್ಯವಸ್ಥೆಗೆ ಒಳ್ಳೆಯ ನಿದರ್ಶನ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಡಿ ಡೊಂಬಾಲ್ ಮತ್ತು ಸಂಗಡಿಗರು ರೂಪಿಸಿದ್ದು. ತೀವ್ರ ಹೊಟ್ಟೆನೋವಿನಿಂದ ಬಂದ 304 ರೋಗಿಗಳಲ್ಲಿ ಗಣಕದ ನಿದಾನ ಶೇ. 91.8ರಷ್ಟು ಸರಿಯಾಗಿತ್ತು, ತಂಡದ ಹಿರಿಯ ವೈದ್ಯರದು ಶೇ. 79.6. ಇದು 1972ರಲ್ಲಿ ಪ್ರಕಟವಾದ ಫಲಿತಾಂಶ. ಅದೇ ವ್ಯವಸ್ಥೆಯನ್ನು ಕೋಪನ್‌ಹೇಗನ್ನಿನ ರೋಗಿಗಳಿಗೆ ಅನ್ವಯಿಸಿದಾಗ ನಿಖರತೆ ಇಳಿಯಿತು. ಸೂತ್ರ ತಪ್ಪಾಗಿರಲಿಲ್ಲ, ಲೀಡ್ಸ್‌ನಲ್ಲಿ ಯಾವ ರೋಗ ಎಷ್ಟು ಸಾಮಾನ್ಯ, ಅಲ್ಲಿಯ ರೋಗಿಗಳಲ್ಲಿ ಯಾವ ಲಕ್ಷಣ ಎಷ್ಟು ಬಾರಿ ಕಾಣುತ್ತದೆ ಎಂಬ ಅಂಕಿಗಳು ಅದರ ಹೊಟ್ಟೆಯೊಳಗಿದ್ದವು. ಆ ಅಂಕಿಗಳು ಲೀಡ್ಸ್‌ಗೆ ಸಲ್ಲುವಂಥವು. ಲೆಕ್ಕಮಾಡುವ ಯಂತ್ರವನ್ನೂ ಅದಕ್ಕೆ ಆಧಾರವಾದ ಅಂಕಿಗಳನ್ನೂ ಬೇರೆ ಬೇರೆ ಇಡಬೇಕೆಂಬ ಪಾಠ ಇದರಿಂದ ಸಿಕ್ಕಿತು. ಸ್ಟ್ಯಾನ್‌ಫರ್ಡ್‌ನ ಮೈಸಿನ್ ಎಂಬ ವ್ಯವಸ್ಥೆ 1970ರ ದಶಕದಲ್ಲಿ ಆ ಕೆಲಸವನ್ನೇ ಮಾಡಿತು. ಸೋಂಕಿನ ಚಿಕಿತ್ಸೆಯ ನಿಯಮಗಳೆಲ್ಲ ಒಂದು ಭಂಡಾರದಲ್ಲಿ, ಅವುಗಳನ್ನು ಓದಿ ತರ್ಕಿಸುವ ಕಾರ್ಯಕ್ರಮ ಮತ್ತೊಂದು ಕಡೆ. ವೈದ್ಯರ ದಿನನಿತ್ಯದ ಬಳಕೆಗೆ ಅದು ಬರಲೇ ಇಲ್ಲ; ದಾಖಲೆಯಲ್ಲಿದ್ದ ವಿವರಗಳನ್ನೇ ಮತ್ತೊಮ್ಮೆ ಕುಳಿತು ಬೆರಳಚ್ಚಿಸುವಷ್ಟು ಪುರಸೊತ್ತು ಯಾವ ವೈದ್ಯರಿಗಿರುತ್ತದೆ?

ಎರಡನೆಯ ಘಟ್ಟದ ವ್ಯವಸ್ಥೆಗಳು ಈ ತೊಂದರೆಯನ್ನು ನೀಗಿಸಿದವು. ಸಾಲ್ಟ್ ಲೇಕ್ ನಗರದ ಎಲ್.ಡಿ.ಎಸ್. ಆಸ್ಪತ್ರೆಯಲ್ಲಿ 1967ರಿಂದ ಬೆಳೆದ ಹೆಲ್ಪ್ ಎಂಬ ವ್ಯವಸ್ಥೆಯಲ್ಲಿ ದಾಖಲೆಯೂ ನಿಯಮವೂ ಒಂದೇ ಸೂರಿನಡಿ ಇದ್ದುದರಿಂದ ಯಾರೂ ಕೇಳದೆಯೇ ಎಚ್ಚರಿಕೆ ಹೊರಡುತ್ತಿತ್ತು. ಆದರೆ ಹೀಗೆ ಬೆರೆತ ಜ್ಞಾನ ಆ ಆಸ್ಪತ್ರೆಯ ಗೋಡೆ ದಾಟಿ ಹೊರಗೆ ಬರುವುದು ಕಷ್ಟ.

ಜ್ಞಾನವನ್ನು ಹಂಚಿಕೊಳ್ಳುವ ರೂಪದಲ್ಲಿ ಬರೆಯಬೇಕೆಂಬ ಉದ್ದೇಶದಿಂದ 1989ರಲ್ಲಿ ನ್ಯೂಯಾರ್ಕ್ ರಾಜ್ಯದ ಆರ್ಡನ್ ಹೋಮ್‌ಸ್ಟೆಡ್ ಎಂಬಲ್ಲಿ ತಜ್ಞರು ಸೇರಿದರು. ಅಲ್ಲಿ ಹುಟ್ಟಿದ ಬರವಣಿಗೆಯ ಕ್ರಮಕ್ಕೆ ಆರ್ಡನ್ ಸಿಂಟ್ಯಾಕ್ಸ್ ಎಂದೇ ಹೆಸರು. ಪ್ರತಿಯೊಂದು ನಿಯಮವೂ ಒಂದು ಬಿಡಿ ಘಟಕ: ಯಾವಾಗ ಎಚ್ಚರಗೊಳ್ಳಬೇಕು, ಏನನ್ನು ನೋಡಬೇಕು, ಏನು ಹೇಳಬೇಕು ಎಂಬಷ್ಟೂ ಅದರಲ್ಲಿರುತ್ತದೆ. ಒಂದು ಆಸ್ಪತ್ರೆಯಲ್ಲಿ ಬರೆದದ್ದನ್ನು ಇನ್ನೊಂದು ಆಸ್ಪತ್ರೆ ಎತ್ತಿಕೊಳ್ಳಬಹುದು ಎಂಬುದು ಆಶಯ. ತೊಡಕು ಬಂದದ್ದು ಒಂದು ಸಣ್ಣ ಚಿಹ್ನೆಯಲ್ಲಿ. ರೋಗಿಯ ಮಾಹಿತಿಯನ್ನು ಆಯಾ ಆಸ್ಪತ್ರೆಯ ದತ್ತಕೋಶದಿಂದ ಹೊರತೆಗೆಯುವ ಆದೇಶವನ್ನು ಸುರುಳಿ ಆವರಣದೊಳಗೆ ಬರೆಯಬೇಕಿತ್ತು. ದತ್ತಕೋಶ ಒಂದೊಂದು ಕಡೆ ಒಂದೊಂದು ಬಗೆಯಾದ್ದರಿಂದ ಆವರಣದೊಳಗಿನದನ್ನು ಪ್ರತಿಯೊಂದು ಆಸ್ಪತ್ರೆಯೂ ಹೊಸದಾಗಿ ಬರೆದುಕೊಳ್ಳಬೇಕಾಯಿತು. ಇದು ಸುರುಳಿ ಆವರಣದ ಸಮಸ್ಯೆ ಎಂದೇ ಪ್ರಸಿದ್ಧವಾಗಿದೆ.

ಕೇಳಲು ದೂರದ ಮಾತೆನಿಸಿದರೂ ಈ ಸಮಸ್ಯೆ ನಮ್ಮ ಹಳ್ಳಿಗಳಲ್ಲಿ ದಿನವೂ ಎದುರಾಗುವಂಥದು. ಒಬ್ಬಳೇ ಗರ್ಭಿಣಿಯ ರಕ್ತದೊತ್ತಡ ತಾಯಿ ಕಾರ್ಡಿನಲ್ಲಿ ಒಂದು ಕಡೆ, ಉಪಕೇಂದ್ರದ ವಹಿಯಲ್ಲಿ ಇನ್ನೊಂದು ಕಡೆ, ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯದ ಜಾಲತಾಣದಲ್ಲಿ ಮಗದೊಂದು ಕಡೆ ನಮೂದಾಗುತ್ತದೆ. ಮೂರರಲ್ಲಿ ಯಾವುದನ್ನು ನಿಯಮ ಓದಬೇಕು ಎಂಬುದನ್ನು ಮೊದಲೇ ನಿಗದಿಪಡಿಸದಿದ್ದರೆ ಸಲಹೆ ಹಳೆಯ ಅಂಕಿಯ ಮೇಲೆ ಬರುವ ಸಂಭವವಿದೆ. ಭಾರತ ಸರ್ಕಾರ 2013ರಲ್ಲಿ ವಿದ್ಯುನ್ಮಾನ ಆರೋಗ್ಯ ದಾಖಲೆಯ ಮಾನದಂಡಗಳನ್ನು ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು. 2014ರಿಂದ ಸ್ನೋಮೆಡ್ ಪರಿಭಾಷಾ ಸಂಸ್ಥೆಯ ಸದಸ್ಯ ರಾಷ್ಟ್ರವೂ ಆಗಿದೆ. 2021ರ ಸೆಪ್ಟೆಂಬರ್‌ನಲ್ಲಿ ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದಾಖಲೆಗಳ ವಿನಿಮಯಕ್ಕೆ ಫೈರ್ ಎಂಬ ಅಂತರರಾಷ್ಟ್ರೀಯ ಮಾನದಂಡವನ್ನು ಒಪ್ಪಿಕೊಂಡಿದೆ. ಸುರುಳಿ ಆವರಣವನ್ನು ತೆರವುಗೊಳಿಸುವ ದಾರಿ ಕಾಗದದ ಮೇಲಂತೂ ತೆರೆದಿದೆ.

ನಾಲ್ಕನೆಯ ಘಟ್ಟ 2005ರ ಸುಮಾರಿಗೆ ಬಂದಿತು. ನಿಯಮಗಳು ದೂರದ ಸರ್ವರಿನಲ್ಲಿರುತ್ತವೆ. ಆಸ್ಪತ್ರೆಯ ದಾಖಲೆ ಪ್ರಶ್ನೆ ಕಳುಹಿಸುತ್ತದೆ, ಸರ್ವರ್ ಉತ್ತರ ಮರಳಿಸುತ್ತದೆ. ಮಾರ್ಗಸೂಚಿ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. ಸಂಪರ್ಕ ಕಡಿದುಹೋಗದ ಆಸ್ಪತ್ರೆಗಳಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆ ಬೇರೆ ಇರಲಾರದು. ಮನೆಭೇಟಿಗೆ ಹೊರಟ ಸಹಾಯಕಿಯ ಟ್ಯಾಬಿಗೆ ಹೊಲದಂಚಿನ ಮನೆಯಲ್ಲಿ ಸಿಗ್ನಲ್ ಸಿಗದಿದ್ದರೆ ಮಾತ್ರ ಸರ್ವರಿನಲ್ಲಿರುವ ಜ್ಞಾನ ಆ ಹೊತ್ತಿಗೆ ಇಲ್ಲದ್ದಕ್ಕೆ ಸಮ.

ಬೆಳಗಾವಿ ಮತ್ತು ಬಾಗಲಕೋಟೆಯ ಅನುಭವ

ಕರ್ನಾಟಕದ ಹಳ್ಳಿಗಳಲ್ಲಿ ಇಂಥ ವ್ಯವಸ್ಥೆಯೊಂದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದ ನಿದರ್ಶನ ದುಂಡಸಿಯಿಂದ ಬಹಳ ದೂರವಿಲ್ಲ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ 12 ಸಮೂಹಗಳಲ್ಲಿ 2014ರಿಂದ 2016ರವರೆಗೆ ಕ್ಲಿಪ್ ಎಂಬ ಪ್ರಯೋಗ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡದೊಡನೆ ಸೇರಿ ಇದನ್ನು ನಡೆಸಿತು. ಪಾಕಿಸ್ತಾನ ಮತ್ತು ಮೊಜಾಂಬಿಕ್‌ಗಳಲ್ಲಿಯೂ ಇದೇ ಪ್ರಯೋಗವಿತ್ತು. ಗುರಿ ಪ್ರಿ-ಎಕ್ಲಾಂಪ್ಸಿಯ, ಅಂದರೆ ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಸೆಳವಿಗೂ ಸಾವಿಗೂ ಕಾರಣವಾಗಬಲ್ಲ ಸ್ಥಿತಿ. ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಸೆಳವಿನ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ ಎಂಬುದು 33 ದೇಶಗಳಲ್ಲಿ ನಡೆದ ಮ್ಯಾಗ್‌ಪೈ ಪ್ರಯೋಗದಿಂದ 2002ರಲ್ಲಿಯೇ ಖಚಿತವಾಗಿತ್ತು. ಮದ್ದು ತಿಳಿದಿದ್ದರೂ ಯಾರಿಗೆ, ಯಾವಾಗ ಎಂದು ಮನೆಬಾಗಿಲಲ್ಲಿ ನಿರ್ಧರಿಸುವ ಬಗೆ ತಿಳಿದಿರಲಿಲ್ಲ.

ಅದಕ್ಕಾಗಿ ರೂಪಿಸಿದ ತಂತ್ರಾಂಶಕ್ಕೆ ಪಿಯರ್ಸ್ ಆನ್ ದ ಮೂವ್ ಎಂದು ಹೆಸರು. ಅದರ ಒಳರಚನೆ ಅಭ್ಯಾಸಯೋಗ್ಯವಾಗಿದೆ. ಅದರಲ್ಲಿ ಎರಡು ಬಗೆಯ ಜ್ಞಾನ ಜೊತೆಯಾಗಿ ಕೆಲಸ ಮಾಡುತ್ತದೆ. ಮೊದಲನೆಯದು ನೇರ ನಿಯಮಗಳು: ಮೇಲಿನ ರಕ್ತದೊತ್ತಡ 160 ಮುಟ್ಟಿದ್ದರೆ ಅಥವಾ ಸೆಳವು ಬಂದಿದ್ದರೆ ಬೇರೆ ಲೆಕ್ಕವೇ ಬೇಡ, ತುರ್ತಾಗಿ ಕಳುಹಿಸಬೇಕು. ಎರಡನೆಯದು ಮಿನಿಪಿಯರ್ಸ್ ಎಂಬ ಸಂಖ್ಯಾಶಾಸ್ತ್ರೀಯ ಸೂತ್ರ. ಇದು ಎಷ್ಟನೆಯ ಹೆರಿಗೆ, ಗರ್ಭದ ವಾರಗಳು, ತಲೆನೋವು ಅಥವಾ ದೃಷ್ಟಿ ಮಸುಕು, ಎದೆನೋವು ಅಥವಾ ಉಸಿರಾಟದ ತೊಂದರೆ, ಹೊಟ್ಟೆನೋವಿನೊಂದಿಗೆ ರಕ್ತಸ್ರಾವ, ಮೇಲಿನ ರಕ್ತದೊತ್ತಡ, ಮೂತ್ರದಲ್ಲಿನ ಪ್ರೋಟೀನು ಇವಿಷ್ಟನ್ನೇ ಪಡೆದು, ಆ ತಾಯಿಗೆ ಗಂಭೀರ ತೊಂದರೆಯಾಗುವ ಸಂಭವ ಶೇಕಡಾ ಎಷ್ಟೆಂದು ಹೇಳುತ್ತದೆ. ಶೇ. 25 ಅಥವಾ ಮೀರಿದರೆ ಅಪಾಯದ ಗುಂಪು. ಪ್ರಯೋಗಾಲಯದ ರಕ್ತಪರೀಕ್ಷೆಯನ್ನು ಸೂತ್ರದಿಂದ ಬೇಕೆಂದೇ ಹೊರಗಿಡಲಾಯಿತು, ಏಕೆಂದರೆ ಅಂಥ ಪರೀಕ್ಷೆಯ ಅನುಕೂಲ ಹಳ್ಳಿಯಲ್ಲಿಲ್ಲ. ವಿನ್ಯಾಸದ ದೃಷ್ಟಿಯಿಂದ ಇದು ಬಹು ಮುಖ್ಯವಾದ ತೀರ್ಮಾನ. ಸಹಾಯಕಿಯ ಚೀಲದಲ್ಲಿ ಏನಿದೆಯೋ ಅದಕ್ಕೆ ತಕ್ಕಂತೆ ಸೂತ್ರವನ್ನು ಹೊಲಿಯಲಾಯಿತೇ ಹೊರತು ಸೂತ್ರಕ್ಕೆ ತಕ್ಕ ಚೀಲವನ್ನು ಬಯಸಲಿಲ್ಲ.

ಲೆಕ್ಕವೆಲ್ಲ ನಡೆಯುವುದು ಕೈಯಲ್ಲಿರುವ ಉಪಕರಣದಲ್ಲಿಯೇ. ತಂತ್ರಾಂಶವನ್ನು ಲ್ಯಾಂಬ್ಡಾನೇಟಿವ್ ಎಂಬ ಮುಕ್ತ ಚೌಕಟ್ಟಿನಲ್ಲಿ, ಸ್ಕೀಮ್ ಭಾಷೆಯಲ್ಲಿ ಬರೆಯಲಾಗಿತ್ತು. ಬೇರೆ ಬೇರೆ ಬಗೆಯ ಫೋನುಗಳಿಗೆ ಒಂದೇ ಮೂಲ ಸಾಕು. ದಾಖಲೆಗಳು ಆಮೇಲೆ ರೆಡ್‌ಕ್ಯಾಪ್ ಎಂಬ ಸಂಶೋಧನಾ ದತ್ತಕೋಶಕ್ಕೆ ಸೇರುತ್ತಿದ್ದವು. ಹೀಗೆ ನಿರ್ಣಯ ಸ್ಥಳದಲ್ಲಿ, ಸಂಗ್ರಹ ಕೇಂದ್ರದಲ್ಲಿ ಎಂಬ ಹಂಚಿಕೆಯಿಂದ ಸಂಪರ್ಕದ ತೊಡಕು ಸಲಹೆಗೆ ಅಡ್ಡಿಯಾಗಲಿಲ್ಲ. ಇದಕ್ಕೆ ತೆತ್ತ ಬೆಲೆಯೂ ಇದೆ. ಜ್ಞಾನ ಪ್ರತಿಯೊಂದು ಉಪಕರಣದಲ್ಲಿ ಹರಡಿಕೊಂಡಿರುವುದರಿಂದ ಒಂದು ಅಂಕಿ ಬದಲಾದರೂ ಎಲ್ಲ ಉಪಕರಣಗಳನ್ನೂ ನವೀಕರಿಸಬೇಕು.

ಲೀಡ್ಸ್‌ನ ಪಾಠ ಇಲ್ಲಿಯೂ ನೆನಪಾಗಬೇಕು. ಮಿನಿಪಿಯರ್ಸ್ ಸೂತ್ರದ ಅಂಕಿಗಳು ಬಂದದ್ದು ಫಿಜಿ, ಉಗಾಂಡ, ದಕ್ಷಿಣ ಆಫ್ರಿಕ, ಬ್ರೆಜಿಲ್ ಮತ್ತು ಪಾಕಿಸ್ತಾನಗಳ 2,081 ಮಹಿಳೆಯರಿಂದ. 2014ರಲ್ಲಿ ಅದು ಪ್ರಕಟವಾಯಿತು. ಅವರಲ್ಲಿ ಭಾರತದವರು ಇರಲಿಲ್ಲ. ಸೂತ್ರವನ್ನು ಇಲ್ಲಿ ಬಳಸಬಾರದೆಂದು ಇದರರ್ಥವಲ್ಲ. ಇಲ್ಲಿಯ ಅನುಭವ ಬೆಳೆದಂತೆ ಆ ಅಂಕಿಗಳನ್ನಷ್ಟೇ ಕಳಚಿ ಬೇರೆಯವನ್ನು ತೊಡಿಸುವಂತೆ ತಂತ್ರಾಂಶ ಇರಬೇಕು ಎಂಬುದಷ್ಟೆ.

ಫಲಿತಾಂಶ ನಿರೀಕ್ಷೆಯಂತೆ ಬರಲಿಲ್ಲ. ಭಾರತದ ಭಾಗದಲ್ಲಿಯೂ, ಮೂರು ದೇಶಗಳ 44 ಸಮೂಹಗಳನ್ನು ಒಟ್ಟುಗೂಡಿಸಿ 2020ರಲ್ಲಿ 'ಲಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿಯೂ ತಾಯಂದಿರ ಮತ್ತು ಶಿಶುಗಳ ಒಟ್ಟು ಸಾವು ಮತ್ತು ಗಂಭೀರ ತೊಂದರೆಗಳಲ್ಲಿ ಗಮನಾರ್ಹ ಇಳಿಕೆ ಕಂಡುಬರಲಿಲ್ಲ. ಆದರೆ ಎಂಟು ಅಥವಾ ಹೆಚ್ಚು ಬಾರಿ ಭೇಟಿ ಪಡೆದ ಗರ್ಭಿಣಿಯರಲ್ಲಿ ಮಗು ಸತ್ತು ಹುಟ್ಟುವುದೂ ನವಜಾತ ಶಿಶುವಿನ ಸಾವೂ ಕಡಿಮೆಯಿದ್ದವು. ಈ ಕೊನೆಯ ಮಾತನ್ನು ಸ್ವಲ್ಪ ಎಚ್ಚರದಿಂದ ಓದಬೇಕು: ಗರ್ಭ ಹೆಚ್ಚು ಕಾಲ ನಿಂತವರಿಗೆ ಭೇಟಿಗಳೂ ಸಹಜವಾಗಿ ಹೆಚ್ಚು ಸಿಗುತ್ತವೆ. ಹಾಗಿದ್ದರೂ ನೆರವಿನ ತಂತ್ರಾಂಶ ಒಮ್ಮೆ ತೆರೆದು ಮುಚ್ಚುವ ಸಾಧನವಾಗದೆ, ಮುಂದಿನ ಭೇಟಿ ಯಾವಾಗ, ತಪ್ಪಿಹೋದವರು ಯಾರು ಎಂಬುದನ್ನೂ ನೋಡಿಕೊಳ್ಳಬೇಕೆಂಬ ಸೂಚನೆ ಇದರಲ್ಲಿದೆ. ನಿರ್ಣಯದ ತರ್ಕದಷ್ಟೇ ಭೇಟಿಯ ದಿನಚರಿಯೂ ವಿನ್ಯಾಸದ ಅಂಗ.

ಬದಲಾಗುವ ಮಾರ್ಗಸೂಚಿ

ಗರ್ಭಿಣಿಯ ತಪಾಸಣೆ ಎಷ್ಟು ಬಾರಿ ಎಂಬುದೇ ಇದಕ್ಕೆ ಸರಳ ನಿದರ್ಶನ. ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಕನಿಷ್ಠ ನಾಲ್ಕು ಭೇಟಿಗಳೆಂದು ಹೇಳುತ್ತಿದ್ದು, 2016ರಲ್ಲಿ ಅದನ್ನು ಎಂಟಕ್ಕೆ ಏರಿಸಿತು. ಮಕ್ಕಳ ನ್ಯುಮೋನಿಯದಲ್ಲಿಯೂ ಹೀಗೆಯೇ: ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ ಆಸ್ಪತ್ರೆಗೆ ಸೇರಿಸಬೇಕೆಂಬುದು ಮೊದಲಿನ ನಿಯಮ, ಬೇರೆ ಅಪಾಯದ ಚಿಹ್ನೆಗಳಿಲ್ಲದಿದ್ದರೆ ಬಾಯಿಯ ಮೂಲಕ ಅಮಾಕ್ಸಿಸಿಲಿನ್ ಕೊಟ್ಟು ಮನೆಯಲ್ಲಿಯೇ ನೋಡಿಕೊಳ್ಳಬಹುದೆಂದು 2014ರಲ್ಲಿ ಸಂಸ್ಥೆ ತಿದ್ದಿತು. ನಾಲ್ಕು ಎಂಬ ಅಂಕಿಯನ್ನೋ ಪಕ್ಕೆಸೆಳೆತದ ನಿಯಮವನ್ನೋ ಕಾರ್ಯಕ್ರಮದ ಸಾಲುಗಳ ನಡುವೆ ಹೂತಿಟ್ಟಿದ್ದರೆ ಅದನ್ನು ಹುಡುಕಿ ತೆಗೆಯಲು ತಂತ್ರಾಂಶ ಬರೆದವರೇ ಬರಬೇಕು. ಆ ಸಂಸ್ಥೆಯೊಡನೆ ಗುತ್ತಿಗೆ ಮುಗಿದಿದ್ದರೆ ಹಳೆಯ ಸಲಹೆಯೇ ಹೊಸ ಪರದೆಯ ಮೇಲೆ ವರ್ಷಗಟ್ಟಲೆ ಬರುತ್ತಿರುತ್ತದೆ. ಗೋಡೆಯ ಮೇಲಿನ ಹಳೆಯ ಪಟವನ್ನು ಹರಿದು ಹೊಸದನ್ನು ಅಂಟಿಸುವುದು ಇದಕ್ಕಿಂತ ಸುಲಭ.

2021ರಿಂದ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸುತ್ತಿರುವ ಸ್ಮಾರ್ಟ್ ಮಾರ್ಗಸೂಚಿಗಳು ಈ ತೊಂದರೆಯನ್ನು ನೇರವಾಗಿ ಎದುರಿಸುವ ಯತ್ನ. ಅವುಗಳಲ್ಲಿ ಜ್ಞಾನವನ್ನು ಐದು ಪದರಗಳಲ್ಲಿ ಇಡಲಾಗುತ್ತದೆ. ತಜ್ಞರು ಗದ್ಯದಲ್ಲಿ ಬರೆದ ಮಾರ್ಗಸೂಚಿ ಮೊದಲನೆಯದು. ಅದನ್ನು ಕೋಷ್ಟಕಗಳಾಗಿ, ನಿರ್ಣಯದ ಪಟ್ಟಿಗಳಾಗಿ, ಯಾವ ತಂತ್ರಾಂಶಕ್ಕೂ ಕಟ್ಟುಬೀಳದಂತೆ ಬರೆದದ್ದು ಎರಡನೆಯದು. ಮೂರನೆಯದು ಯಂತ್ರ ಓದಬಲ್ಲ ರೂಪ, ನಾಲ್ಕನೆಯದು ಯಂತ್ರ ನಡೆಸಬಲ್ಲ ರೂಪ. ಐದನೆಯದು ದತ್ತಾಂಶದಿಂದ ಕಲಿತು ಬದಲಾಗುವ ಮಾದರಿಗಳಿಗೆ ಮೀಸಲು. ಗರ್ಭಿಣಿಯರ ಆರೈಕೆಗೆ ಸಂಬಂಧಿಸಿದ ಎರಡನೆಯ ಪದರ 2021ರಲ್ಲಿಯೇ ಹೊರಬಂದಿದೆ. ಇದು ಗಣಕತಜ್ಞರಿಗಿಂತ ಹೆಚ್ಚಾಗಿ ವೈದ್ಯರು ಓದಿ ತಿದ್ದಬೇಕಾದ ಪದರ. ಇಲ್ಲಿ ಬಿದ್ದ ತಪ್ಪು ಮುಂದಿನ ಪದರಗಳಲ್ಲಿ ತಾನಾಗಿ ಸರಿಹೋಗುವುದಿಲ್ಲ. ಸ್ಥಳೀಯ ಔಷಧಿ ಪಟ್ಟಿ, ಯಾವ ಕಾಯಿಲೆಗೆ ಯಾವ ಆಸ್ಪತ್ರೆ ಎಂಬ ವಿವರಗಳನ್ನು ಸೇರಿಸಲೂ ಇದೇ ಸೂಕ್ತ ಸ್ಥಳ. ಪದರ ಬೇರೆಯಾಗಿದ್ದರೆ, ಟ್ಯಾಬಿಗೆ ಸಂಪರ್ಕ ಸಿಕ್ಕಾಗ ನಿಯಮಗಳ ಹೊಸ ಕಟ್ಟನ್ನು ಮಾತ್ರ ಇಳಿಸಿಕೊಂಡು, ಸಂಪರ್ಕವಿಲ್ಲದಾಗ ಅದನ್ನೇ ನಡೆಸುವುದು ಸಾಧ್ಯ. ಉಪಕರಣದೊಳಗಿನ ತರ್ಕ ಮತ್ತು ದೂರದ ಸೇವೆ ಎಂಬ ಎರಡು ದಾರಿಗಳ ನಡುವೆ ನಮ್ಮ ಸ್ಥಿತಿಗೆ ಹೊಂದುವ ಮಧ್ಯಮ ಮಾರ್ಗ ಇದೇ ಎನ್ನಬೇಕು.

ರೋಗಿಯ ಮಾತು

ಪ್ರಶ್ನೆಯನ್ನು ಯಾವ ನುಡಿಯಲ್ಲಿ ಕೇಳಬೇಕು ಎಂಬುದನ್ನು ಪರದೆಯ ಅಲಂಕಾರವೆಂದು ಭಾವಿಸುವವರುಂಟು. ಅದು ಹಾಗಲ್ಲ. ಮಿನಿಪಿಯರ್ಸ್ ಕೇಳುವ ದೃಷ್ಟಿ ಮಸುಕು ಎಂಬ ಲಕ್ಷಣವನ್ನು ಧಾರವಾಡ–ಹಾವೇರಿ ಸೀಮೆಯ ಹೆಣ್ಣುಮಗಳು 'ಕಣ್ಣಿಗೆ ಕತ್ತಲಿ ಬರ್ತೈತ್ರಿ' ಎಂದು ಹೇಳಿಯಾಳು. ರಕ್ತಹೀನತೆಯಿಂದ ತಲೆಸುತ್ತಿದಾಗಲೂ ಹೇಳುವ ಮಾತು ಅದೇ. ಸಹಾಯಕಿ ಹೌದು ಎಂದು ಗುರುತು ಹಾಕಿದರೆ ಲೆಕ್ಕದಲ್ಲಿ ಅಪಾಯ ಏರುತ್ತದೆ, ಇಲ್ಲವೆಂದರೆ ಇಳಿಯುತ್ತದೆ. ಎದ್ದು ನಿಂತಾಗ ಮಾತ್ರವೋ, ಕುಳಿತಿದ್ದಾಗಲೂ ಮಂಜು ಕವಿದಂತೆ ಕಾಣುತ್ತದೆಯೋ ಎಂಬ ಮರುಪ್ರಶ್ನೆ ಅಲ್ಲಿ ಬೇಕು. ಪ್ರಮಾಣಿತ ಪರಿಭಾಷೆಯ ಒಂದು ಸಂಕೇತಕ್ಕೂ ಊರಮಾತಿಗೂ ನಡುವೆ ಇಂಥ ಪ್ರಶ್ನೆಗಳ ಪದರವನ್ನು ಬೇರೆಯಾಗಿಯೇ ಇಟ್ಟುಕೊಂಡರೆ, ನಿಯಮವನ್ನು ಮುಟ್ಟದೆ ಹಾವೇರಿಗೆ ಒಂದು ಬಗೆ, ಚಾಮರಾಜನಗರಕ್ಕೆ ಮತ್ತೊಂದು ಬಗೆ ಎಂದು ನುಡಿಯನ್ನು ಬದಲಿಸಬಹುದು. ಭಾಷಾಶಾಸ್ತ್ರಜ್ಞರು ಕೈಹಾಕಬಹುದಾದ ಈ ಕೆಲಸ ಕನ್ನಡದಲ್ಲಿ ಇನ್ನೂ ಬೆಳೆಯಬೇಕಾಗಿದೆ.

ಸಲಹೆ ಬಂದ ಮೇಲೆ

ಇನ್ನೊಂದು ಪ್ರಯೋಗವನ್ನು ಇಲ್ಲಿ ನೆನೆಯುವುದು ಅವಶ್ಯ. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಎಂ-ವೆಲ್‌ಕೇರ್ ಎಂಬ ವ್ಯವಸ್ಥೆಯನ್ನು ಪರೀಕ್ಷಿಸಿ 2019ರಲ್ಲಿ 'ಸರ್ಕ್ಯುಲೇಶನ್' ಪತ್ರಿಕೆಯಲ್ಲಿ ವರದಿ ಪ್ರಕಟಿಸಲಾಯಿತು. ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯಿದ್ದ 3,698 ಮಂದಿ ಇದರಲ್ಲಿದ್ದರು. ದಾದಿ ಟ್ಯಾಬಿನಲ್ಲಿ ವಿವರ ತುಂಬುವುದು, ತಂತ್ರಾಂಶ ಔಷಧಿಯ ಸಲಹೆ ಸಿದ್ಧಪಡಿಸುವುದು, ವೈದ್ಯರು ಅದನ್ನು ನೋಡಿ ಬರೆಯುವುದು ಇದರ ಕ್ರಮ. ಹೋಲಿಕೆಗೆಂದು ಇಟ್ಟ ಕೇಂದ್ರಗಳಲ್ಲಿ ತಂತ್ರಾಂಶವಿರಲಿಲ್ಲ; ತರಬೇತಿಯೂ ಮಾರ್ಗಸೂಚಿಯ ಪಟಗಳೂ ಇದ್ದವು. ಒಂದು ವರ್ಷದ ಬಳಿಕ ಎರಡೂ ಕಡೆ ರಕ್ತದೊತ್ತಡ ಇಳಿದಿತ್ತು, ಆದರೆ ಒಂದಕ್ಕೂ ಇನ್ನೊಂದಕ್ಕೂ ಅಂತರವಿರಲಿಲ್ಲ. ತಂತ್ರಾಂಶ ವ್ಯರ್ಥವೆಂದು ಇದರಿಂದ ತೀರ್ಮಾನಿಸುವುದು ಆತುರವಾದೀತು. ತರಬೇತಿ ಪಡೆದ ವೈದ್ಯರು ಎದುರಿಗೇ ಇರುವ ಕೇಂದ್ರಕ್ಕೂ ವೈದ್ಯರಿಲ್ಲದ ಉಪಕೇಂದ್ರಕ್ಕೂ ನೆರವಿನ ಅಗತ್ಯ ಒಂದೇ ಅಲ್ಲ. ಸಲಹೆ ಎಷ್ಟು ಬಾರಿ ಪಾಲನೆಯಾಯಿತು, ಪಾಲಿಸದಿದ್ದಾಗ ಕಾರಣವೇನು, ಬರೆದ ಔಷಧಿ ಕೇಂದ್ರದಲ್ಲಿ ದಾಸ್ತಾನಿತ್ತೇ ಎಂಬುದನ್ನೂ ವ್ಯವಸ್ಥೆ ತಾನೇ ದಾಖಲಿಸುವಂತಿದ್ದರೆ ಅಂತರ ಏಕೆ ಬರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಹೊಣೆಯ ಪ್ರಶ್ನೆಯೂ ಇಲ್ಲಿಗೆ ಸೇರುತ್ತದೆ. 2020ರ ಫೆಬ್ರವರಿಯ ಅಧಿಸೂಚನೆಯ ಪ್ರಕಾರ ರೋಗನಿದಾನ, ಚಿಕಿತ್ಸೆಗಳಿಗೆ ಬಳಸುವ ತಂತ್ರಾಂಶವೂ ಭಾರತದಲ್ಲಿ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ಬಂದಿದೆ. ನಿಯಮ ಆಧಾರಿತ ವ್ಯವಸ್ಥೆಯಲ್ಲಿ ಸಲಹೆ ಏಕೆ ಬಂತೆಂದು ನಿಯಮವನ್ನು ತೆರೆದು ತೋರಿಸಬಹುದು. ದತ್ತಾಂಶದಿಂದ ತಾನೇ ಕಲಿತ ಮಾದರಿಗಳಲ್ಲಿ ಅಷ್ಟು ನೇರವಾದ ಉತ್ತರ ಸಿಗುವುದಿಲ್ಲ. ಯಾವ ದಿನ, ನಿಯಮಗಳ ಯಾವ ಆವೃತ್ತಿ, ಯಾವ ಅಂಕಿಗಳ ಮೇಲೆ ಈ ಸಲಹೆ ಕೊಟ್ಟಿತು ಎಂಬ ಟಿಪ್ಪಣಿ ರೋಗಿಯ ದಾಖಲೆಯೊಡನೆ ಉಳಿಯಬೇಕು. ಇಲ್ಲದಿದ್ದರೆ ಮುಂದೆ ಪ್ರಶ್ನೆ ಬಂದಾಗ ಉತ್ತರಿಸಬೇಕಾದವಳು ಆ ಟ್ಯಾಬನ್ನು ಹಿಡಿದಿದ್ದ ಸಹಾಯಕಿಯೊಬ್ಬಳೇ ಆಗುತ್ತಾಳೆ.

ಉಳಿದಿರುವುದು ಉಪಕೇಂದ್ರದಿಂದಾಚೆಗಿನ ದಾರಿ. ತುರ್ತು ಎಂದು ಪರದೆ ಹೇಳಿ, 2008ರಿಂದ ರಾಜ್ಯದಲ್ಲಿರುವ 108 ಆಂಬುಲೆನ್ಸ್ ಬಂದು, ಗರ್ಭಿಣಿ ಶಿಗ್ಗಾಂವಿಯನ್ನು ತಲಪುತ್ತಾಳೆ. ಅಲ್ಲಿ ಅಂದು ಹೆರಿಗೆ ತಜ್ಞರು ರಜೆಯಲ್ಲಿದ್ದರೆ ಮತ್ತೆ ಹುಬ್ಬಳ್ಳಿಯ ದಾರಿ. ಯಾವ ಆಸ್ಪತ್ರೆಯಲ್ಲಿ ಈ ಹೊತ್ತು ಶಸ್ತ್ರಚಿಕಿತ್ಸೆ, ರಕ್ತ, ನವಜಾತ ಶಿಶುವಿನ ಆರೈಕೆ ಲಭ್ಯವಿದೆ ಎಂಬುದು ರೋಗಿಯ ದಾಖಲೆಯಲ್ಲಿ ಇರುವಂಥದಲ್ಲ, ವೈದ್ಯಕೀಯ ಮಾರ್ಗಸೂಚಿಯಲ್ಲೂ ಇರುವುದಿಲ್ಲ; ಅದು ಪ್ರತಿದಿನ ಬದಲಾಗುವ ಮೂರನೆಯ ಬಗೆಯ ಜ್ಞಾನ. ಅದಕ್ಕೆ ವಿನ್ಯಾಸದಲ್ಲಿ ಒಂದು ಸ್ಥಾನವಿದ್ದು, ಪ್ರತಿ ಆಸ್ಪತ್ರೆಯವರೂ ಬೆಳಗ್ಗೆ ಅದನ್ನು ತುಂಬುವಂತಿದ್ದರೆ ಸಲಹೆ ಕೇವಲ 'ಕಳುಹಿಸಿ' ಎನ್ನುವುದರ ಬದಲು ಇಂಥಲ್ಲಿಗೆ ಕಳುಹಿಸಿ ಎಂದೀತು. ಆಕೆ ಅಲ್ಲಿ ದಾಖಲಾದಳೇ, ಯಾವ ಚಿಕಿತ್ಸೆಯಾಯಿತು, ಯಾವ ದಿನ ಮನೆಗೆ ಮರಳುತ್ತಾಳೆ ಎಂಬ ವಿವರ ಅದೇ ದಾರಿಯಲ್ಲಿ ಹಿಂದಿರುಗಿ ಉಪಕೇಂದ್ರದ ಟ್ಯಾಬಿಗೆ ಬಂದರೆ, ಹೆರಿಗೆಯ ನಂತರದ ಮೊದಲ ವಾರ ರಕ್ತದೊತ್ತಡ ನೋಡಲು ಯಾರ ಮನೆಗೆ ಹೋಗಬೇಕೆಂಬುದು ಸಹಾಯಕಿಗೆ ತಿಳಿಯುತ್ತದೆ. ಸೆಳವು ಹೆರಿಗೆಯಾದ ಮೇಲೂ ಬರುವುದುಂಟು.